ಕಾಂಡಕೋಶದ ಕಡತ ಕಾಯುವವರು

ಕಾಂಡಕೋಶ (ಸ್ಟೆಮ್ ಸೆಲ್) ಸಂಶೋಧನೆಯ ನೀತಿ ಕಡತವನ್ನು ಅಧೀನ ಕಾರ್ಯದರ್ಶಿಗಳು ಹನ್ನೊಂದು ವರ್ಷದಿಂದ ಹೆತ್ತ ಮಗುವಿನಂತೆ ಸಾಕಿದ್ದಾರೆ. ಬೆಳೆಯಲು ಮಾತ್ರ ಬಿಟ್ಟಿಲ್ಲ. ವಿಜ್ಞಾನಿಗಳು ಬಂದರೆ, “ನೀವು ಹೇಳೋದು ಸರಿನೇ” ಎನ್ನುತ್ತಾರೆ, ಧರ್ಮಗುರುಗಳು ಬಂದರೆ, “ನೀವು ಹೇಳೋದು ಇನ್ನೂ ಸರಿ.” ಮಂತ್ರಿ ಬದಲಾದಾಗಲೆಲ್ಲ ಕಡತಕ್ಕೆ ಹೊಸ ರಟ್ಟು, ಹೊಸ ದಾರ, ಹೊಸ ಉಪಸಮಿತಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕಿತ್ಸೆಗೆ ಅನುಮತಿ ಕೇಳುವ ರೋಗಿಗಳಿಗೆಲ್ಲ ಒಂದೇ ಉತ್ತರ: ‘ನೀತಿ ಅಂತಿಮವಾಗುವವರೆಗೆ ಕಾಯುವುದು.’ ಪಕ್ಷಪಾತವಾಗಬಾರದೆಂದು ಅರ್ಜಿದಾರರ ಹೆಸರನ್ನೂ ನೋಡದೆ ಸಹಿ ಹಾಕುತ್ತಾರೆ. ಮೊನ್ನೆ ಮನೆಗೆ ಬಂದ ಲಕೋಟೆಯೊಂದನ್ನು ಬಿಡಿಸಲು ಕೈನಡುಕದ ಕಾಯಿಲೆಯ ಹೆಂಡತಿಯಿಂದ ಆಗಲಿಲ್ಲ. “ನಿಮಗೆ ಹೇಳದೆ ಒಂದು ಅರ್ಜಿ ಹಾಕಿದ್ದೆ. ಏನು ಬರೆದಿದಾರೆ, ಸ್ವಲ್ಪ ಓದಿ” ಎಂದು ಗಂಡನ ಕೈಗೇ ಕೊಟ್ಟರು. ಅವರು ಲಕೋಟೆ ಒಡೆದು, ಪತ್ರದ ಕೆಳಗಿದ್ದ ತಮ್ಮದೇ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಕಾಯೋಕೆ ಹೇಳಿದಾರೆ” ಎಂದರು.