ಅತ್ತೆಯ ಕಿವಿಗೆ ಯಾವ ದೇಶದ ಮಷೀನು

ನಾಗಪುರಕ್ಕೆ ಬಂದ ಮೊದಲ ಮಧ್ಯಾಹ್ನ, ನಮ್ಮ ಬಾಡಿಗೆ ಮನೆಯ ಕಿಟಕಿಗೆ ಯಾರೋ ರೈಲು ಎಂಜಿನ್ ತಂದು ನಿಲ್ಲಿಸಿದ್ದಾರೆ ಅನ್ನಿಸಿತು. ಕಪಾಟಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಮೂರು ಕಡೆ ಒದ್ದೆ ಹುಲ್ಲು, ಒಳಗೊಂದು ಫ್ಯಾನು. ಗುಂಡಿ ಒತ್ತಿದರೆ ಗೋಡೆಯೇ ಗುಡುಗುತ್ತದೆ. ಇದು ಇಲ್ಲಿಯ ಕೂಲರ್. ನಮ್ಮೂರು ಗದಗಿನ ಬಿಸಿಲಿಗೆ ನಾವು ಕಟ್ಟೆಯ ಮೇಲೆ ಕೂತು ಗಾಳಿಯ ದಾರಿ ಕಾಯುತ್ತೇವೆ. ಇಲ್ಲಿಯವರು ಬಾಗಿಲು ಹಾಕಿಕೊಂಡು ಕೂಲರಿನ ಮುಂದೆ ಕೂತು ಕೂಗಾಡುತ್ತಾರೆ. ಉಪ್ಪು ಕೊಡು ಎನ್ನಲಿಕ್ಕೂ ಗಂಟಲು ಹರಿದುಕೊಳ್ಳಬೇಕು.

ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ವರ್ಗವಾಗಿ ಬಂದಾಗ ಕ್ವಾರ್ಟರ್ಸ್ ಸಿಗಲಿಲ್ಲ. ಮಹಾಲ್ ಎಂಬ ಹಳೆಯ ಪೇಟೆಯ ವಾಡೆಯೊಂದರ ಮಹಡಿ ಸಿಕ್ಕಿತು. ವಾಡೆ ಎಂದರೆ ನಮ್ಮ ತೊಟ್ಟಿಮನೆಯ ಹಾಗೆ, ನಡುವೆ ಅಂಗಳ, ಸುತ್ತ ಬಿಡಾರಗಳು. ಓಣಿಯಲ್ಲಿ ಸ್ಕೂಟರುಗಳ ಸಂದಿಯಲ್ಲಿ ಮೈ ಓರೆ ಮಾಡಿ ನಡೆಯಬೇಕು. ಅವಲಕ್ಕಿಯ ಮೇಲೆ ತರ್ರಿ ಎಂಬ ಖಾರದ ಕೆಂಪು ರಸ ಸುರಿದು ಕೊಡುತ್ತಾರೆ. "ಅವಲಕ್ಕಿ ಮ್ಯಾಲೆ ಸಾರು ಸುರ್ಯೋ ಮಂದಿ ಕೂಡ ಹೆಂಗ ಬಾಳೇ ಮಾಡೂದವ್ವಾ?" ಎಂದು ಅತ್ತೆ ಹಣೆ ಬಡಿದುಕೊಂಡರು. ಮರುದಿನ ಅದನ್ನೇ ಇನ್ನೊಂದು ತಟ್ಟೆ ತರಿಸಿದರು.

ಗಂಡ ಡ್ಯೂಟಿಯ ಮೇಲೆ ಹೊರಗೇ ಹೆಚ್ಚು. ಮಗಳು ಶ್ರಾವಣಿ ಶಾಲೆಗೆ ಸೇರಿದ್ದೇ ತಡ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡತೊಡಗಿದಳು. ಇಡೀ ದಿನ ನನ್ನ ಜೊತೆ ಕನ್ನಡ ಆಡಲು ಉಳಿದವರು ಅತ್ತೆ ಒಬ್ಬರೇ.

ಮಳೆ ಹಿಡಿದು ಕೂಲರ್ ನಿಂತಿತು. ಆಗ ಗೊತ್ತಾಯಿತು, ಅತ್ತೆ "ಆಂ? ಏನಂದಿ?" ಎನ್ನುತ್ತಿದ್ದುದು ಕೂಲರಿನ ಸದ್ದಿಗಲ್ಲ. ಮನೆ ಸದ್ದಿಲ್ಲದಾಗಲೂ ಅವರಿಗೆ ಕೇಳುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಹಾಗೆ ಮರಳಿ ಕೇಳುವುದನ್ನೂ ಬಿಟ್ಟರು. ಏನು ಹೇಳಿದರೂ ನಕ್ಕು ತಲೆಯಾಡಿಸುವುದು, ಅಷ್ಟೇ. ಅವರಿಗಿಂತ ಹೆಚ್ಚು ನಾನೇ ಹೆದರಿದೆ. ಅವರ ಕಿವಿ ಹೋದರೆ ಈ ಊರಿನಲ್ಲಿ ನನ್ನ ಮಾತು ಬೀಳುವ ಜಾಗವೇ ಇರಲಿಲ್ಲ.

ಸೀತಾಬರ್ಡಿ ಪೇಟೆಯಲ್ಲಿ ಕಿವಿಯ ಮಷೀನು ಮಾರುವ ಅಂಗಡಿಗೆ ಕರೆದುಕೊಂಡು ಹೋದೆ. ತಪಾಸಣೆ ಮಾಡುವ ಹುಡುಗಿ ಮೂರು ಡಬ್ಬಿ ತೆರೆದಿಟ್ಟಳು. ಒಂದು ನಮ್ಮ ದೇಶದ್ದು, ಒಂದು ಚೀನಾದ್ದು, ಒಂದು ಯುರೋಪಿನದು. ಮೂರೂ ಕಡಲೆಬೀಜದಷ್ಟೇ ದೊಡ್ಡವು. ಆದರೆ ಮೊದಲನೆಯದರ ದರಕ್ಕೂ ಕೊನೆಯದರ ದರಕ್ಕೂ ಅಜಗಜಾಂತರ.

ಅತ್ತೆ ದರ ಕೇಳಲಿಲ್ಲ. "ಜಪಾನ್ ಇಲ್ಲೇನು?" ಎಂದರು.

ನಮ್ಮ ಮಾವ ಮುಂಬೈಯಿಂದ ತಂದ ಜಪಾನ್ ರೇಡಿಯೋ ಅಟ್ಟದಿಂದ ಬಿದ್ದರೂ ಹಾಡುತ್ತಿತ್ತಂತೆ. ಮಾವ ಹೋದ ಮೇಲೂ ಅದು ಹಾಡಿತು. ಅಂದಿನಿಂದ ಅತ್ತೆಯ ಲೆಕ್ಕದಲ್ಲಿ ಜಪಾನೇ ಮೇಲು. ಅದಿಲ್ಲದಿದ್ದರೆ ಬಿಳಿಯರ ಯಾವ ದೇಶವಾದರೂ ನಡೆದೀತು. ಚೀನಾ ಎಂದರೆ ಮೂಗು ಮುರಿದರು. "ದೀಪಾವಳಿ ಲೈಟಿನ ಸರ ಇದ್ದಂಗ. ಹಬ್ಬ ಮುಗ್ಯೂದ್ರಾಗ ಆರಿ ಹೋಗತೈತಿ." ನಮ್ಮ ದೇಶದ್ದನ್ನಂತೂ ಕಣ್ಣೆತ್ತಿ ನೋಡಲಿಲ್ಲ. ನಗಬೇಕೆನಿಸಿದರೂ ನಗಲಿಲ್ಲ. ಮಿಕ್ಸರ್ ಕೊಳ್ಳುವಾಗ ನಾನೂ ಡಬ್ಬಿ ತಿರುವಿ ಎಲ್ಲಿ ತಯಾರಾಗಿದ್ದು ಎಂದು ನೋಡುವವಳೇ.

ಹುಡುಗಿ ಅತ್ತೆಯನ್ನು ಗಾಜಿನ ಕೋಣೆಯೊಳಗೆ ಕೂರಿಸಿ ಒಂದೊಂದೇ ಮಷೀನು ತೊಡಿಸಿದಳು. ಅವಳು ಹೇಳಿದ ಪದವನ್ನು ಅತ್ತೆ ಮರಳಿ ಹೇಳಬೇಕು. ಹೊರಗಿದ್ದ ನನಗೆ ತುಟಿಗಳಷ್ಟೇ ಕಾಣುತ್ತಿದ್ದವು. ನಮ್ಮ ದೇಶದ್ದನ್ನು ತೊಟ್ಟಾಗ ಅತ್ತೆ ಸುಮ್ಮನೆ ತಲೆಯಾಡಿಸಿದರು. ಚೀನಾದ್ದಕ್ಕೆ ಒಂದೆರಡು ಸಲ ತುಟಿ ಅಲುಗಿತು. ಯುರೋಪಿನದಕ್ಕೆ ಪಟಪಟ ಮಾತು ಬಂತು. ಹುಡುಗಿ ಹೊರಗೆ ಬಂದು ಹಿಂದಿಯಲ್ಲಿ, ಅಜ್ಜಿಗೆ ಇದೇ ಬೇಕು, ಉಳಿದವು ಸಾಲುವುದಿಲ್ಲ ಎಂದಳು. ದುಡ್ಡಿಗೆ ತಕ್ಕ ಮಾಲು ಎಂದು ನಾನೂ ನಂಬಿದೆ. ಇಷ್ಟು ದೊಡ್ಡ ಖರ್ಚು ಈ ವರ್ಷ ಆಗದ ಮಾತು ಎಂದು ಹುಡುಗಿಗೆ ಹೇಳಿ ಹೊರಟೆ.

ಚಪ್ಪಲಿ ಮೆಟ್ಟುತ್ತ ಅತ್ತೆ ಅಂದರು, "ಹುಡುಗಿ ಚಲೋ ಐತಿ. ಆದ್ರ ಮೂರೂ ಮಷೀನಿಗೆ ಅವೇ ಮಾತು ಹೇಳ್ತು. ಮೂರನೇ ಸರತಿಗೆ ಗಿಣೀನೂ ಕಲೀತೈತಿ."

ನಾನು ನಿಂತುಬಿಟ್ಟೆ. ಅವರ ಕಿವಿಯ ಹತ್ತಿರ ಬಾಗಿ ಕೂಗಿದೆ. "ಆಕಿ ಯಾವ ಭಾಷಾದಾಗ ಹೇಳಿದ್ಲು ರೀ ಅತ್ತಿ?"

"ಮರಾಠಿ ಇರಬೇಕು. ಸಪ್ಪಳ ಬರೋಬರ್ ಬರ್ತಿತ್ತು. ತಿಳೀಲಾರದ ಮಾತು ಬಾಯಾಗ ಹೆಂಗ ಹಾಕ್ಕೊಳ್ಳಲಿ?"

ಮರಳಿ ಒಳಗೆ ಹೋದೆ. ಪದಗಳನ್ನು ನಾನು ಹೇಳುತ್ತೇನೆ, ಯಾವ ದೇಶದ್ದೆಂದು ಹೇಳದೆ ಮತ್ತೊಮ್ಮೆ ತೊಡಿಸು ಎಂದು ಹುಡುಗಿಯನ್ನು ಕೇಳಿಕೊಂಡೆ. ಪಾಪ, ಅವಳು ಬೇಸರಿಸಲಿಲ್ಲ. ನಾನೂ ಕೋಣೆಯೊಳಗೆ ಹೋಗಿ, ತುಟಿ ಕಾಣದಂತೆ ಅತ್ತೆಯ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದೆ. "ಉಪ್ಪು."

"ಉಪ್ಪು," ಎಂದರು ಅತ್ತೆ.

"ಕಸಬರಗಿ." "ಕಸಬರಗಿ." "ಗುಬ್ಬಿ." "ಗುಬ್ಬಿ. ಈಗೆಲ್ಲಿ ಅದಾವ ಗುಬ್ಬಿ, ಸುಮಾ?"

ಬೇಸಿಗೆಯಿಂದ ಈಚೆಗೆ ಇಷ್ಟು ಮೆತ್ತಗೆ ನಾನು ಕನ್ನಡ ಆಡಿರಲೇ ಇಲ್ಲ. ಆಡಿದ್ದೆಲ್ಲ ಕೂಗಿಯೇ. ಅತ್ತುಬಿಟ್ಟೆ. ಬೆನ್ನ ಹಿಂದೆ ಇದ್ದುದರಿಂದ ಅತ್ತೆಗೆ ಕಾಣಲಿಲ್ಲ, ಹುಡುಗಿಗೆ ಕಂಡಿತು. ಉಳಿದ ಎರಡು ಮಷೀನುಗಳಿಗೆ ಪದ ಬದಲಿಸಿ ಬದಲಿಸಿ ಹೇಳಿದೆ. ಮೂರರಲ್ಲೂ ಅತ್ತೆ ಒಂದು ಪದವನ್ನೂ ತಪ್ಪು ಹೇಳಲಿಲ್ಲ.

ಹುಡುಗಿ ಪ್ರಾಮಾಣಿಕಳು. ತನ್ನ ತಪಾಸಣೆ ದಾರಿ ತಪ್ಪಿತ್ತೆಂದು ಒಪ್ಪಿಕೊಂಡಳು. ಒಳಗಿನ ಚಿಪ್ ಒಂದು ದೇಶದಿಂದ, ಹೊರಗಿನ ಕವಚ ಇನ್ನೊಂದು ದೇಶದಿಂದ ಬರುವುದೂ ಉಂಟು, ಡಬ್ಬಿಯ ಮೇಲೆ ಇರುವುದು ಅವನ್ನು ಜೋಡಿಸಿದ ದೇಶದ ಹೆಸರಷ್ಟೇ ಎಂದಳು. ದುಬಾರಿಯದರಲ್ಲಿ ಒಂದು ಗುಣವಂತೂ ನಿಜವಾಗಿಯೂ ಇತ್ತು. ಗದ್ದಲದಲ್ಲೂ ಎದುರಿನವರ ಮಾತನ್ನು ಅದು ಬೇರ್ಪಡಿಸಿ ಕೊಡುತ್ತದೆ.

ಅದನ್ನು ಅತ್ತೆಗೆ ತಿಳಿಸಿದೆ. "ಗದ್ದಲದಾಗ ಕೇಳುವಂಥಾದ್ದು ಏನಿರತೈತಿ?" ಎಂದವರು, ಮೊದಲು ತೊಡಿಸಿದ್ದನ್ನೇ ತೋರಿಸಿದರು. "ಇದರಾಗ ನಿನ್ನ ದನಿ ನಿನ್ನ ದನಿಯಂಗ ಇತ್ತು. ಯಾವ ದೇಶದ್ದು?"

"ನಮ್ಮ ದೇಶದ್ದ ರೀ."

ಅತ್ತೆಯ ಮುಖ ಬಾಡಿತು. ಯುರೋಪಿನ ಡಬ್ಬಿಯನ್ನೊಮ್ಮೆ ಆಸೆಯಿಂದ ನೋಡಿದರು. ಆಮೇಲೆ, "ಇರ್ಲಿ ಬಿಡು. ಕಿವಿಯಾಗ ಇಟ್ಟ ಮ್ಯಾಲೆ ಯಾರಿಗೆ ಕಾಣತೈತಿ?" ಎಂದರು.

ಕೆಳಗಿನ ಬಿಡಾರದ ವಹಿನಿಗೆ ಕಂಡೇ ಕಂಡಿತು. ವಹಿನಿ ಎಂದರೆ ಅತ್ತಿಗೆ, ಇಲ್ಲಿ ನೆರೆಯ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ಮಳೆ ಬಿಟ್ಟ ಬಿಸಿಲಿಗೆ ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದವಳು, "ಆಜಿ, ಹೀ ಮಶೀನ್ ಕುಠಲೀ?" ಎಂದಳು. ಇದು ಎಲ್ಲಿಯದು ಎಂದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಪಡಿಸಿಕೊಂಡು ಉತ್ತರ ಕೊಟ್ಟರು.

"ಜಪಾನ್."

ನಾಗಪುರದಲ್ಲಿ ಅತ್ತೆ ಕೇಳಿಸಿಕೊಂಡು ಅರ್ಥ ಮಾಡಿಕೊಂಡು ಉತ್ತರಿಸಿದ ಮೊದಲ ಮರಾಠಿ ಪ್ರಶ್ನೆ ಅದು. ಉತ್ತರ ಮಾತ್ರ ಶುದ್ಧ ಸುಳ್ಳು. ಅಂದಿನಿಂದ ದಿನವೂ ಅಂಗಳಕ್ಕೆ ಇಳಿಯುತ್ತಾರೆ. ವಹಿನಿಯ ಮರಾಠಿಗೆ ಇವರ ಕನ್ನಡ ಜೋಡಿ. ನಡುವೆ ಇಬ್ಬರೂ ನಗುವುದು ಮೇಲಿನವರೆಗೂ ಕೇಳುತ್ತದೆ. ನನಗೆ ಸಂತೋಷವೇ, ಜೊತೆಗೆ ಚೂರು ಹೊಟ್ಟೆಕಿಚ್ಚು ಕೂಡ. ನನ್ನ ಕನ್ನಡಕ್ಕೆಂದು ತಂದ ಮಷೀನಿನಲ್ಲಿ ಅರ್ಧ ದಿನ ಮರಾಠಿಯೇ ತುಂಬಿಕೊಳ್ಳುತ್ತಿದೆ. ನಾನಂತೂ ಈಗಲೂ ಗದಗಿಗೆ ಹೋದರೆ "ನಾಗಪುರದಾಕಿ", ಇಲ್ಲಿ ಇದ್ದರೆ "ಕರ್ನಾಟಕವಾಲೀ".

ಮೊನ್ನೆ ಅತ್ತೆ ಸ್ವೆಟರ್ ತೊಟ್ಟುಕೊಂಡು ಗದಗಿನ ತಂಗಿಗೆ ಫೋನು ಹಚ್ಚಿದ್ದರು. "ನಮ್ಮೂರಾಗ ಈ ಸಲ ಭಾಳ ಥಂಡಿ ಬಿದ್ದೈತಿ ನೋಡವ್ವಾ. ನಿಮ್ಮ ಗದಗಿನಾಗ ಹೆಂಗೈತಿ?"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಫೋನು ಇಟ್ಟ ಮೇಲೆ ಕೇಳಿದೆ. "ನಮ್ಮೂರು ಅಂದ್ರ ಯಾವುದು ರೀ ಅತ್ತಿ?"

ಅತ್ತೆ ಮಷೀನಿನ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡದೆ, "ಆಂ? ಏನಂದಿ? ಕೇಳಸಲಿಲ್ಲ," ಎಂದರು.