ಸ್ಕೇಲು ಹಿಡಿದ ಕೈಗಳು

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಪಂಪಿನ ಬಿಡಿಭಾಗ ಮಾಡುವ ಶೆಡ್ಡೊಂದರಲ್ಲಿ ಸಿದ್ರಾಮನದು ಇನ್‌ಸ್ಪೆಕ್ಷನ್ ಕೆಲಸ. ಲೇತಿನಿಂದ ಬಂದ ಪೀಸನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದಡಿ ಸ್ಟೀಲ್ ಸ್ಕೇಲಿಟ್ಟು, ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಮೂರು ಫೋಟೊ ತೆಗೀಬೇಕು. ಒಂಬತ್ತು ವರ್ಷದಿಂದ ಇದೇ ಆಗಿ, ಸ್ಕೇಲಿಲ್ಲದ ಫೋಟೊ ಅಂದರೆ ಅವನ ಕಣ್ಣಿಗೆ ಅರ್ಧ ಸುಳ್ಳು.

ಇಂಥಾ ಪುಣ್ಯಾತ್ಮನನ್ನು ಅವನವ್ವ ದುರ್ಗವ್ವ ಊರಿನ ಫೋಟೊ ತಗೊಂಬಾ ಅಂತ ಕಳಿಸಿದಳು. ಊರೆಂದರೆ ಕೃಷ್ಣಾ ಹೊಳೆಯ ನಟ್ಟನಡುವಿನ ಬೂದಿಗಡ್ಡಿ. ಸುತ್ತಲೂ ನೀರು, ಹರಗೋಲು ಬಿಟ್ಟರೆ ಬೇರೆ ದಾರಿಯಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಹರಗೋಲಿನಲ್ಲಿ ಮಡಚಿ ಕೂರಲಾಗದೆ, ಆರು ವರ್ಷದಿಂದ ಅವಳು ಮಗನ ಬಾಡಿಗೆ ಕೋಣೆಯಲ್ಲೇ ಇದ್ದಾಳೆ. ಅವಳ ಗಂಡನನ್ನು ಮಣ್ಣು ಮಾಡಿದ್ದು ಗಡ್ಡಿಯ ಅಂಚಿನಲ್ಲಿ. ಮಳೆಗಾಲ ಬಂತೆಂದರೆ ಹೊಳೆ ಆ ದಂಡೆಯನ್ನು ತಿನ್ನುತ್ತದೆ. ಫೋನಿನಲ್ಲಿ ಕೇಳಿದರೆ ಊರವರೆಲ್ಲ ಎಲ್ಲಾ ಚಲೋ ಐತಿ ಅನ್ನುತ್ತಾರೆ. ಅದೇ ಅವಳಿಗೆ ಅನುಮಾನ. ಗಂಡನ ಗೋರಿಯ ತಲೆಗಲ್ಲು ಉಳಿದಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕು, ಜೊತೆಗೆ ಊರು ಹೇಗೆ ಬದುಕುತ್ತಿದೆ ಅದನ್ನೂ ನೋಡಬೇಕು ಎಂದು ಹಟ ಹಿಡಿದಳು.

ಸಿದ್ರಾಮ ಮೂರು ದಿನ ರಜೆ ಹಾಕಿ ಹೋದ, ಸ್ಕೇಲು ಸಮೇತ. ಹಂಚಿನ ಮೇಲಿನ ರೊಟ್ಟಿ, ಒಣಹಾಕಿದ ಮೀನು, ಬೀಸುಕಲ್ಲು, ಹರಗೋಲಿನಲ್ಲಿ ಹೊಳೆ ದಾಟಿಬಂದ ಮೋಟರ್‌ಸೈಕಲ್ಲು, ಒಂದನ್ನೂ ಬಿಡಲಿಲ್ಲ. ಪ್ರತಿಯೊಂದರ ಪಕ್ಕ ಯಾರಾದರೂ ಸ್ಕೇಲು ಹಿಡಿಯಬೇಕು. ಗಡ್ಡಿಯ ಜನ ಬಿದ್ದುಬಿದ್ದು ನಕ್ಕರು, ಹಿಡಿದೂ ಹಿಡಿದರು. ಕೊನೆಗೆ ಅಪ್ಪನ ಕಲ್ಲಿನ ಹತ್ತಿರ ಹೋದರೆ, ದಂಡೆ ಕುಸಿದು ಹೊಳೆ ಕಲ್ಲಿನ ಮಗ್ಗುಲಿಗೇ ಬಂದಿತ್ತು. ಕಲ್ಲಿನಿಂದ ದಂಡೆಯ ತುದಿಗೆ ಸ್ಕೇಲಿಟ್ಟು ಅಳೆಯುತ್ತಾ ನಾಲ್ಕು ಫೋಟೊ ತೆಗೆದ. ನಾಲ್ಕನೆಯದರಲ್ಲಿ ಅರ್ಧ ಸ್ಕೇಲು ಗಾಳಿಯಲ್ಲಿತ್ತು.

ಪೀಣ್ಯಕ್ಕೆ ಬಂದ ಮೇಲೆ ಆ ನಾಲ್ಕನ್ನು ಬೇರೆ ಫೋಲ್ಡರಿಗೆ ಹಾಕಿ ಮುಚ್ಚಿಟ್ಟ. ಅವ್ವನಿಗೆ ಹೇಗೆ ತೋರಿಸೋದು? ಉಳಿದದ್ದನ್ನು ನೋಡಿದ ಹೆಂಡತಿ ಭಾಗ್ಯಶ್ರೀ ಹಣೆ ಚಚ್ಚಿಕೊಂಡಳು. ಇನ್ನೂರು ಫೋಟೊ, ಒಂದರಲ್ಲೂ ಒಬ್ಬರ ಮುಖವಿಲ್ಲ! ಎಲ್ಲರದೂ ಸ್ಕೇಲು ಹಿಡಿದ ಕೈ, ಮಣಿಕಟ್ಟಿನವರೆಗೆ ಮಾತ್ರ. ಶೆಡ್ಡಿನ ಪಾರ್ಟಿನ ಫೋಟೊ ತೆಗೆದ ಹಾಗೆ ಊರನ್ನು ತೆಗೆದುಕೊಂಡು ಬಂದಿದ್ದ ಮಹಾರಾಯ. ಸಿದ್ರಾಮ ಪೆಚ್ಚಾದ.

ದುರ್ಗವ್ವ ಮಾತ್ರ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದಾಗಿ ಹೇಳುತ್ತಾ ಹೋದಳು. ಸೊಟ್ಟ ಕಿರುಬೆರಳಿನದು ಹರಗೋಲಿನ ಕೊಟ್ರಪ್ಪ, ಹಗ್ಗ ಸುತ್ತಿ ಮುರಿದದ್ದು. ಹೆಬ್ಬೆರಳು ಒಳಗೆ ಮಡಚಿದ್ದು ರಾಣಿ, ಸಣ್ಣವಳಿದ್ದಾಗಿನಿಂದಲೂ ಹಾಗೇ. ಈ ಎಳೇ ಕೈ ಯಾರದೋ ಗೊತ್ತಿಲ್ಲ, ಆದರೆ ಉಗುರು ಥೇಟ್ ಪಾಪಯ್ಯನದು, ಅವನ ಮೊಮ್ಮಗಳೇ ಇರಬೇಕು. ಆ ಹುಡುಗಿ ಹುಟ್ಟಿದ್ದೇ ಇವಳು ಊರು ಬಿಟ್ಟ ಮೇಲೆ. ಸಿದ್ರಾಮ ಒಳಗೊಳಗೇ ಹೋಲಿಸಿಕೊಂಡ. ದಿನಾ ನೂರಾರು ಪೀಸು ಪರೀಕ್ಷೆ ಮಾಡುವ ತಾನೆಲ್ಲಿ, ಕೈ ನೋಡಿ ಊರನ್ನೇ ಎಬ್ಬಿಸಿ ಕೂರಿಸುವ ಈ ಮುದುಕಿಯೆಲ್ಲಿ! ಇಂಥಾ ಕಣ್ಣಿನಿಂದ ಏನನ್ನು ಮುಚ್ಚಿಡೋದು ಅನ್ನಿಸಿ, ತಾನಾಗಿಯೇ ಆ ನಾಲ್ಕು ಫೋಟೊ ತೆಗೆದುಕೊಟ್ಟ.

ಅಲ್ಲಿ ಸ್ಕೇಲು ಹಿಡಿದದ್ದು ಅವನದೇ ಕೈ. ದುರ್ಗವ್ವ ತುಟಿ ಅಲ್ಲಾಡಿಸುತ್ತಾ ಎಣಿಸಿದಳು. ಕಲ್ಲಿಗೂ ದಂಡೆಯ ತುದಿಗೂ ನಡುವೆ ಮೂರೂವರೆ ಅಡಿ. ನಾಲ್ಕನೆಯ ಫೋಟೊವನ್ನು ಕಣ್ಣಿಗೆ ಇನ್ನೂ ಹತ್ತಿರ ತಂದು ನೋಡಿದಳು. ಅವಳ ಕಣ್ಣಲ್ಲಿ ನೀರಿಲ್ಲ. ಅಳುತ್ತಿದ್ದವನು ಸಿದ್ರಾಮ.

"ಅಳಬ್ಯಾಡ. ನೀ ಒಬ್ಬನಾದರೂ ಖರೇ ಅಳತಿ ತಂದಿ," ಅಂದಳು. "ನಲವತ್ತ ವರ್ಸ ಹರಗೋಲ ಹಾಕಿದಾಂವ ನಿಮ್ಮಪ್ಪ. ಹೊಳಿಗೆ ಅವ ಹೊಸಬಲ್ಲ. ಹೊಳಿ ಬರ್ಲಿ, ಒಯ್ಲಿ. ಅದಕ್ಕೂ ಮುಂಚೆ ನನ್ನ ಹೊತ್ಕೊಂಡಾದ್ರೂ ಕರ್ಕೊಂಡು ಹೋಗು. ಅವಗ ಒಂದು ಮಾತು ಹೇಳಿ ಬರ್ತೀನಿ."