ಅಕ್ಕ ಕೊಟ್ಟ ಕಿಡ್ನಿ

ಗೇಟು, ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ ಅವನಿಗೆ ‘ಸೆಕೆಂಡ್ ಹ್ಯಾಂಡ್’ ಎಂದೇ ಹೆಸರು. ಎರಡೂ ಕಿಡ್ನಿ ಕೈಕೊಟ್ಟು, ಅಕ್ಕ ತನ್ನದೊಂದನ್ನು ಕೊಟ್ಟ ಮೇಲೆ ಬಿದ್ದ ಹೆಸರು ಅದು. “ಗಾಡಿ ಹಳೇದು, ಎಂಜಿನ್ ನಮ್ಮಕ್ಕಂದು” ಎಂದು ಅವನೂ ನಗುತ್ತಿದ್ದ. ವೆಲ್ಡಿಂಗ್ ಹೊಗೆ ಆಗದೆಂದು ಮಾಲೀಕ ಅವನನ್ನು ಬಣ್ಣ ಹೊಡೆಯಲು ಹಾಕಿ, ಕೂಲಿ ಇಳಿಸಿದ. ಬಣ್ಣದ ಘಾಟೇನು ಮಲ್ಲಿಗೆಯದಾ ಎಂದು ಯಾರೂ ಕೇಳಲಿಲ್ಲ.

ಅಕ್ಕ ಮೊಟ್ಟೆ ಮಂಡಿಯಲ್ಲಿ ಕೆಲಸಕ್ಕಿದ್ದಳು. ಬಿರುಕುಬಿಟ್ಟ ಮೊಟ್ಟೆಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಅವನ್ನೇ ಉಗುರುಬೆಚ್ಚಗಿನ ಹಾಲಿಗೆ ಒಡೆದು, ಕದಡಿ, ಲೋಟವನ್ನು ತಮ್ಮನ ಮೂತಿಗೆ ಹಿಡಿಯುತ್ತಿದ್ದಳು.

“ಚೆನ್ನಾಗಿ ಬೇಯಿಸಿದ್ದೇ ತಿನ್ಬೇಕಂತೆ ಕಣೇ ಅಕ್ಕ. ಡಾಕ್ಟ್ರು ಹೇಳಿದ್ದಾರೆ.”

“ಹೊರಗಿನ ತಿಂಡಿಗೆ ಹೇಳಿರ್ತಾರೆ. ಬೇಯಿಸಿದ್ರೆ ಶಕ್ತಿ ಎಲ್ಲಿರುತ್ತೆ? ನನ್ನ ಮಕ್ಕಳು ಇದನ್ನೇ ಕುಡಿದು ಗೂಳಿ ಹಾಗಿಲ್ವಾ? ಬಾಯ್ಮುಚ್ಕೊಂಡು ಕುಡಿ.”

“ಬಾಯ್ಮುಚ್ಕೊಂಡು ಹೇಗೆ ಕುಡೀಲಿ?”

ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟವಳಿಗೆ ಒಂದು ಲೋಟ ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಕುಡಿದ. ದಿನಾ ಕುಡಿದ.

ಒಂದು ದಿನ ಭೇದಿ, ಕೆಂಡದಂಥ ಜ್ವರ. ಬಣ್ಣದ ಡಬ್ಬಿಯ ಮೇಲೇ ಬಿದ್ದ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ಡಾಕ್ಟರಮ್ಮ, ಅವನೊಬ್ಬನೇ ಇದ್ದಾಗ ಕೇಳಿದಳು: “ಸಾಲ್ಮೊನೆಲ್ಲಾ ಅನ್ನೋ ರೋಗಾಣು ರಕ್ತಕ್ಕೇ ಇಳಿದಿದೆ. ಹಸಿ ಮೊಟ್ಟೆ ಏನಾದ್ರೂ ತಗೊಂಡ್ರಾ?”

ಅವನು ತಲೆಯಾಡಿಸಿದ. “ಹೂಂ. ನಮ್ಮಕ್ಕಂಗೆ ಮಾತ್ರ ಹೇಳ್ಬೇಡಿ, ಮೇಡಂ.”

ಬೇರೆಯವರ ಕಿಡ್ನಿಯನ್ನು ಮೈ ಕಚ್ಚದಿರಲೆಂದು ಕೊಡುವ ಮಾತ್ರೆ, ಮೈಯ ಕಾವಲುನಾಯಿಗೆ ಮಂಪರು ಹಿಡಿಸಿರುತ್ತದೆ. ಕಳ್ಳ ಬಂದರೂ ಅದು ಏಳುವುದಿಲ್ಲ. ಈಗ ಜೀವ ಉಳಿಸಲು ಆ ಮಾತ್ರೆಯನ್ನೇ ತಗ್ಗಿಸಿದರು. ಜ್ವರ ಇಳಿದು ಮತ್ತೆ ಏರಿತು, ಮತ್ತೆ ಇಳಿಯಿತು. ಅಷ್ಟರಲ್ಲಿ ನಾಯಿ ಎದ್ದು ಅಕ್ಕನ ಕಿಡ್ನಿಯನ್ನೇ ಕಚ್ಚಿತ್ತು. ಉಚ್ಚೆ ಕಟ್ಟಿತು. ಮತ್ತೆ ಡಯಾಲಿಸಿಸ್.

ಕಿಡ್ನಿ ಹೋದ ಸುದ್ದಿ ಕೇಳಿದ ಅಕ್ಕ ಬಂದವಳೇ ಮಂಚದ ಕಂಬಿ ಹಿಡಿದು ನಿಂತಳು. “ಏನೋ ತಿಂದಿದ್ದಕ್ಕೇ ಹೀಗಾಯ್ತಂತೆ, ನರ್ಸ್ ಅಂದ್ಲು. ಏನು ತಿಂದ್ಯೋ?”

“ಬಸ್ ಸ್ಟ್ಯಾಂಡ್ ಹತ್ರ ತಳ್ಳುಗಾಡೀಲಿ ಮಾಂಸ ತಿಂದೆ. ಆಸೆಯಾಯ್ತು.”

“ನನ್ನ ಕಿಡ್ನೀನ ತಳ್ಳುಗಾಡಿ ಮಾಂಸಕ್ಕೆ ಮಾರ್ಕೊಂಡ್ಯಲ್ಲೋ, ಹೊಟ್ಟೆಬಾಕ! ಇನ್ನೊಂದು ಕೊಡೋಕೆ ನಾನೇನು ಅಂಗಡಿ ಇಟ್ಟಿದೀನಾ?” ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬೈದು ಹೋದಳು.

ಮತ್ತೆ ಬರಲಿಲ್ಲ. ಡಯಾಲಿಸಿಸ್‌ಗೆ ಅವನೊಬ್ಬನೇ ಹೋಗುತ್ತಾನೆ, ಗೋಡೆ ಹಿಡಿದುಕೊಂಡು ಹೊರಬರುತ್ತಾನೆ. ಶೆಡ್ಡಿನಲ್ಲಿ ಬಣ್ಣಕ್ಕೆ ಬೇರೆಯವನು ಬಂದಿದ್ದಾನೆ. ಇನ್ನೊಂದು ಕಿಡ್ನಿ ಕೊಡುವವರು ಯಾರೂ ಇಲ್ಲ.

ಒಮ್ಮೆ ಭಾವ ಬಂದು ಪಕ್ಕದಲ್ಲಿ ಕೂತ. “ಒಂದ್ಸಲ ತಪ್ಪಾಯ್ತು ಅಂದುಬಿಡೋ. ಬರ್ತಾಳೆ. ಮನೇಲೂ ನಿನ್ನ ಬೈದ್ಕೊಂಡೇ ಇರ್ತಾಳೆ.”

“ರಾತ್ರಿ ನಿದ್ದೆ ಮಾಡ್ತಾಳಾ?”

“ಓ, ಗೊರಕೆ ಹೊಡೀತಾಳೆ.”

“ಹಾಗಾದ್ರೆ ಬೈಕೊಂಡಿರ್ಲಿ ಬಿಡು, ಭಾವ.”

ಭಾವನಿಗೆ ಅರ್ಥವಾಗಲಿಲ್ಲ. ಅಕ್ಕತಮ್ಮ ಇಬ್ಬರಿಗೂ ಕೊಬ್ಬು ಎಂದು ಗೊಣಗುತ್ತ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.